ಅಕ್ಕ ಕೂತ ಕುರ್ಚಿ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಕಟ್ಟಿದವರು ಈ ಮನೆಯ ಅಕ್ಕನನ್ನು ನೋಡಿರಲಿಲ್ಲ. ಅವಳು ಕೂತೇ ದುಡಿದವಳು, ಕೂತೇ ಒಂದು ಕಾರ್ಖಾನೆ ಎಬ್ಬಿಸಿದವಳು. "ಎಲ್ಲರೂ ನಿಂತು, ಓಡಿ, ಬಿದ್ದು ಎದ್ದು ಸಂಪಾದಿಸ್ತಾರೆ. ನಾನು ಕೂತ್ಕೊಂಡೆ, ಅಷ್ಟೆ" ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ಆಳೂ ದಪ್ಪ, ನಗುವೂ ದಪ್ಪ. ಅವಳು ನಕ್ಕರೆ ಹಿಂದಿನ ಶೆಡ್ಡಿನಲ್ಲಿ ಉಜ್ಜುಗೊರಡು ಹಿಡಿದವನ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಇದೆಲ್ಲ ಶುರುವಾದದ್ದು ಅವಳ ಬೆನ್ನಿನಿಂದ. ತಾಯಿ ಹೋದಮೇಲೆ ತನ್ನ ಮದುವೆಯ ಮಾತನ್ನು ಅಟ್ಟಕ್ಕೆ ಹಾಕಿ ತಮ್ಮನನ್ನು ಸಾಕಿದ ಅಕ್ಕ, ಒಂದು ದಿನ ಮೆಟ್ಟಿಲಿನಿಂದ ಜಾರಿ ಬಿದ್ದಳು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಮಲಗಬಹುದು, ನಿಲ್ಲಬಹುದು, ಕೂರುವ ಹಾಗಿಲ್ಲ. ಆಗ ತಮ್ಮ ಬೇರೆಯವರ ಮರಗೆಲಸದ ಅಂಗಡಿಯಲ್ಲಿ ಬಾಗಿಲು ಕಿಟಕಿ ಮಾಡುತ್ತಿದ್ದ. ಅಕ್ಕ ನಿಂತುಕೊಂಡೇ ಊಟ ಮಾಡುವುದನ್ನು ನೋಡಲಾರದೆ ಮಿಕ್ಕಿದ ಮರದ ತುಂಡು ತಂದು ಅವಳಿಗೊಂದು ಕುರ್ಚಿ ಮಾಡಿದ. ಅವಳು ಕೂತಳು, ಸ್ವಲ್ಪ ಹೊತ್ತಿಗೆ "ಇಲ್ಲ ಪುಟ್ಟ" ಎಂದು ಎದ್ದಳು. ಅವನು ಬೆನ್ನಿನ ಹಲಗೆ ಬಿಚ್ಚಿ ಮತ್ತೆ ಕೆತ್ತಿದ. ಮತ್ತೆ ಕೂತಳು, ಮತ್ತೆ ಎದ್ದಳು. ಹೀಗೆ ಕೆತ್ತಿ ಕೂರಿಸಿ, ಕೂರಿಸಿ ಕೆತ್ತಿ, ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ಅಕ್ಕ ಕೂತವಳು ಏಳಲಿಲ್ಲ. ಪಕ್ಕದ ಕಿಟಕಿಯ ಮೇಲೆ ಇಟ್ಟುಕೊಂಡಿದ್ದ ಟೀ ಆರಿ ತಣ್ಣಗಾಗಿತ್ತು. ಅವಳು ಅದನ್ನೇ ಕುಡಿದು, ಕಣ್ಣೊರೆಸಿಕೊಂಡು, "ಇದು ಆಯ್ತು ನೋಡು" ಎಂದಳು.

ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ಅಳತೆ ತೆಗೆದುಕೊಳ್ಳಲು ಬಂದಾಗ ಆ ಕುರ್ಚಿಯ ಮೇಲೆ ಕೂತು ಅಳತೆಯನ್ನೇ ಮರೆತಳು. ಇಡೀ ದಿನ ಮಿಷನ್ ಮುಂದೆ ಕೂರುವವಳು, ಕೂರುವ ಸುಖ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ನನಗೂ ಒಂದು ಮಾಡ್ಕೊಡಪ್ಪ. ಆದ್ರೆ ಅಕ್ಕ ಕೂತು ನೋಡಿ ಸರಿ ಅಂದ್ಮೇಲೇ ಕೊಡ್ಬೇಕು" ಎಂದಳು. ಆ ಒಂದು ಮಾತಿನಿಂದ ಈ ವ್ಯಾಪಾರ ಹುಟ್ಟಿತು.

ಅಂದಿನಿಂದ ಅಕ್ಕ ಕೂರದೆ ಒಂದು ಕುರ್ಚಿಯೂ ಹೊಸ್ತಿಲು ದಾಟಲಿಲ್ಲ. ಅವಳ ಕ್ರಮ ಅವಳದೇ. ಹೊಸ ಕುರ್ಚಿಯನ್ನು ಕಿಟಕಿಯ ಪಕ್ಕ ಇಡಬೇಕು. ಬಿಸಿ ಟೀ ತಂದು ಕಿಟಕಿಯ ಮೇಲೆ ಇಟ್ಟು, ಸ್ವೆಟರ್ ಹೆಣೆಯುತ್ತ ಕೂರುವಳು. "ಕೂತ ಕೂಡ್ಲೇ ಎಲ್ಲಾ ಕುರ್ಚೀನೂ ಒಳ್ಳೇವೇ, ಬೀಗರ ಥರ. ಟೀ ಆರಿದ್ಮೇಲೆ ಗೊತ್ತಾಗತ್ತೆ ಅವುಗಳ ಗುಣ." ಟೀ ಆರಿ ಮೇಲೆ ಕೆನೆ ಕಟ್ಟಿದ ಮೇಲೂ ಬೆನ್ನು ದೂರದಿದ್ದರೆ, ಕುರ್ಚಿಯನ್ನು ಬೋರಲು ಹಾಕಿ, ಕೂರುವ ಹಲಗೆಯ ಅಡಿಗೆ ಒಂದು ಪುಟ್ಟ ಹಿತ್ತಾಳೆ ಮೊಳೆ ಹೊಡೆಯುವಳು. ಅದಕ್ಕೆಂದೇ ತಮ್ಮ ಒಂದು ಸಣ್ಣ ಸುತ್ತಿಗೆ ಮಾಡಿಕೊಟ್ಟಿದ್ದ. ಕೊಳ್ಳುವವರು ಬಂದರೆ ಮರ ಯಾವುದು, ಪಾಲಿಶ್ ಯಾವುದು ಎಂದು ಕೇಳುತ್ತಿರಲಿಲ್ಲ. ಕುರ್ಚಿಯ ಅಡಿಗೆ ಕೈ ಹಾಕಿ ಬೆರಳಿಗೆ ಮೊಳೆ ಸಿಕ್ಕಿತೇ ಎಂದು ನೋಡುತ್ತಿದ್ದರು. ತಮ್ಮನು ತನ್ನದೇ ಅಂಗಡಿ ತೆರೆದಾಗ ಬೋರ್ಡಿನ ಮೇಲೆ ಬರೆಸಿದ್ದೂ ಅದನ್ನೇ: ಅಕ್ಕ ಕೂತ ಕುರ್ಚಿ.

ವ್ಯಾಪಾರ ಮಗುವಿನ ಹಾಗೆ ನಾವು ಹೇಳಿದಷ್ಟೇ ಬೆಳೆದು ನಿಲ್ಲುವುದಿಲ್ಲ. ಒಬ್ಬ ಮೇಸ್ತ್ರಿ ಬಂದ, ಅವನ ಕೈಕೆಳಗೆ ಬಡಗಿಗಳು ಬಂದರು, ಹಿಂದಿನ ಶೆಡ್ಡು ಸಾಲದಾಯಿತು. ಆಮೇಲೆ ಒಂದು ದೊಡ್ಡ ಆಫೀಸಿನವರು ಬಂದು ತಮ್ಮ ಕಟ್ಟಡದ ಅಷ್ಟೂ ಮೇಜಿಗೆ ಕುರ್ಚಿ ಬೇಕೆಂದರು. ಅವರೂ ಒಂದು ಷರತ್ತು ಹಾಕಿದರು. ಎಲ್ಲಕ್ಕೂ ಅಕ್ಕನ ಮೊಳೆ ಇರಬೇಕು.

ತಮ್ಮ ಹೂಂ ಎಂದುಬಿಟ್ಟ. ಹೂಂ ಎನ್ನುವಾಗ ಅವನ ಕಣ್ಣ ಮುಂದೆ ಇದ್ದದ್ದು ಆ ಕಟ್ಟಡ. ಅಕ್ಕನ ಬೆನ್ನು ಒಂದೇ ಎಂಬುದು ಅವನಿಗೆ ಹೊಳೆದದ್ದು ಮನೆಗೆ ಬಂದಮೇಲೆ.

"ಅಕ್ಕ, ಎಲ್ಲದರ ಮೇಲೂ ಕೂರ್ಲೇಬೇಕಾ? ಒಂದೇ ಅಚ್ಚಲ್ಲಿ ಮಾಡಿದ್ದು, ಒಂದರ ಮೇಲೆ ಕೂತ್ರೆ ಸಾಲ್ದಾ?" ಎಂದು ಒಂದು ಸಲ ಕೇಳಿ ನೋಡಿದ.

ಅಕ್ಕ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಒಂದೇ ಹೊಟ್ಟೇಲಿ ಹುಟ್ಟಿದೋರು ಒಂದೇ ಥರ ಇರ್ತಾರಾ? ನೀನೇ ನೋಡು, ನಾನೇ ನೋಡು. ಕೂರದೇ ಮೊಳೆ ಹೊಡೆದ್ರೆ ಅದು ಸುಳ್ಳು ಕಣೋ."

ಮರುವಾರ ಕುರ್ಚಿ ಒಯ್ಯಲು ವ್ಯಾನು ಬಂದು ಬಾಗಿಲಲ್ಲಿ ನಿಂತಿತ್ತು, ಡ್ರೈವರ್ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ, ಅಕ್ಕ ಜ್ವರದಿಂದ ಮಲಗಿದ್ದಳು. ಕೆಲವು ಕುರ್ಚಿಗಳಿಗೆ ಮೊಳೆ ಇರಲಿಲ್ಲ. ತಮ್ಮ ಅವಳ ಸುತ್ತಿಗೆ ತೆಗೆದುಕೊಂಡು ತಾನೇ ಹೊಡೆದ. ಇದೊಂದು ಸಲ ಎಂದುಕೊಂಡ. ಮೊಳೆಗೇನು, ಯಾರು ಹೊಡೆದರೂ ಮರದೊಳಗೆ ಹೋಗುತ್ತದೆ. ಸುತ್ತಿಗೆಯನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಇಟ್ಟು ಬಂದ.

ಆ ಒಂದು ಸಲಕ್ಕೆ ತಮ್ಮಂದಿರು ಹುಟ್ಟಿದರು. ಬೀದಿಯ ಆಚೆ ತುದಿಯಲ್ಲಿ ಇನ್ನೊಂದು ಶೆಡ್ಡು ಬಾಡಿಗೆಗೆ ಹಿಡಿದು, ಅಕ್ಕನಿಗೆ "ಅಲ್ಲಿ ಬರೀ ಮೇಜು ಮಾಡಿಸ್ತೀನಿ" ಎಂದ. ಅಲ್ಲಿ ತಯಾರಾದದ್ದು ಕುರ್ಚಿ, ಅಲ್ಲೇ ಮೊಳೆ, ಅಲ್ಲಿಂದಲೇ ವ್ಯಾನು. ಹಾಗಾದರೆ ಮನೆಯಲ್ಲಿ ಅಕ್ಕ ಯಾವುದರ ಮೇಲೆ ಕೂರಬೇಕು? ಇಲ್ಲಿ ತಮ್ಮನ ತಲೆ ಓಡಿದ ರೀತಿ ಹೇಳಲು ನನಗೇ ನಾಚಿಕೆ. ಅವಳು ಈಗಾಗಲೇ ಕೂತು ಒಪ್ಪಿದ್ದ ಕೆಲವು ಕುರ್ಚಿಗಳನ್ನೇ ಅವನು ಇಟ್ಟುಕೊಂಡ. ಸಂಜೆ ಅವಳು ಮೊಳೆ ಹೊಡೆದು ಎದ್ದರೆ, ಮೇಸ್ತ್ರಿ ಆ ಮೊಳೆ ಕಿತ್ತು, ತೂತಿಗೆ ಮರದ ಪುಡಿ ಮತ್ತು ಅಂಟು ಮೆತ್ತಿ, ಒಮ್ಮೆ ಕಪ್ಪು ಪಾಲಿಶ್, ಒಮ್ಮೆ ಕೆಂಪು ಪಾಲಿಶ್ ಹೊಡೆದು, ಒಂದೆರಡು ವಾರ ಬಿಟ್ಟು ಅದೇ ಕುರ್ಚಿಯನ್ನು ಮತ್ತೆ ಕಿಟಕಿಯ ಪಕ್ಕ ತಂದಿಡುತ್ತಿದ್ದ. ಅಕ್ಕನ ಕಣ್ಣು ಈಚೆಗೆ ಮಂದ, ಇದ್ದಷ್ಟು ದೃಷ್ಟಿಯೂ ಹೆಣಿಗೆಗೆ ಮೀಸಲು.

ಮೇಸ್ತ್ರಿ ಮೊದಲ ಸಲ ಮೊಳೆ ಕೀಳುವಾಗ, "ಯಜಮಾನ್ರೇ, ಮರ ಕೊಯ್ಯೋದು ಕಲ್ತಿದೀನಿ, ಇದು ಕಲ್ತಿರ್ಲಿಲ್ಲ" ಎಂದಿದ್ದ. ಆಮೇಲೆ ಅವನೂ ಏನೂ ಅನ್ನಲಿಲ್ಲ. ಸಂಬಳದ ಮನುಷ್ಯ.

ಎಲ್ಲಕ್ಕಿಂತ ತಮ್ಮನನ್ನು ತಿಂದದ್ದು ಅಕ್ಕನ ಹೊಗಳಿಕೆ. ಒಪ್ಪಿದ ಕುರ್ಚಿಯ ಮೇಲೇ ಮತ್ತೆ ಕೂತರೆ ಬೆನ್ನು ಯಾಕೆ ದೂರುತ್ತದೆ? ಒಂದೂ ತಿರಸ್ಕಾರವಾಗಲಿಲ್ಲ. "ಪುಟ್ಟ, ನಿನ್ನ ಕೈ ಪಳಗಿಬಿಡ್ತು ಕಣೋ. ಈಗೀಗ ಬರೋವು ಒಂದಕ್ಕಿಂತ ಒಂದು ಚೆನ್ನ. ಅಮ್ಮ ಇದ್ದಿದ್ರೆ ದೃಷ್ಟಿ ತೆಗೀತಿದ್ಲು" ಎಂದು ಅವಳು ಊಟಕ್ಕೆ ಕೂತಾಗ ಹೇಳಿದರೆ ಅವನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಅವಳು ಸುಮ್ಮನೆ "ಮೊಳೆ ಮುಗೀತು, ತಂದಿಡು" ಎಂದರೂ ಅವನು ಬೆಚ್ಚಿ ಅವಳ ಮುಖ ನೋಡುವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ಅವನು ಸೇರಿಹೋಗಿದ್ದ. ಹೊರಗೆ ಜನ ಅವನನ್ನು ಕುರ್ಚಿ ಸಾಹುಕಾರ ಎಂದು ಕರೆಯುತ್ತಿದ್ದರು. ಆ ಹೆಸರು ಕೇಳಿದಾಗಲೂ ಕೈ ಹೆಗಲಿಗೇ ಹೋಗುತ್ತಿತ್ತು.

ಟೈಲರಮ್ಮನ ಮಗಳೂ ಈಗ ತಾಯಿಯ ಜೊತೆ ಹೊಲಿಯಲು ಕೂರುತ್ತಿದ್ದಳು. ಮಗಳಿಗೊಂದು ಕುರ್ಚಿ ಬೇಕೆಂದು ಟೈಲರಮ್ಮ ಹೇಳಿಕಳಿಸಿದ್ದಳು. ಆಚೆ ಶೆಡ್ಡಿನಿಂದ ಒಂದು ಹೋಯಿತು. ತಮ್ಮನಿಗೆ ಅದು ಹೋದದ್ದೂ ಗೊತ್ತಿರಲಿಲ್ಲ. ಅಷ್ಟು ದೊಡ್ಡವನಾಗಿದ್ದ ಅವನು.

ಒಂದು ಮಧ್ಯಾಹ್ನ ಟೈಲರಮ್ಮ ಆ ಕುರ್ಚಿಯನ್ನು ತಾನೇ ಹೊತ್ತುಕೊಂಡು ಬಂದಳು. ಅಂಗಡಿಯಲ್ಲಿ ಇಳಿಸದೆ ನೇರ ಮನೆಯೊಳಗೆ ನಡೆದು, ಕಿಟಕಿಯ ಪಕ್ಕ, ಅಕ್ಕನ ಮುಂದೆ ಇಳಿಸಿದಳು. ಅವಳು ಒಳಗೆ ಹೋದದ್ದನ್ನು ಕಂಡ ತಮ್ಮ ಅಂಗಡಿಯಿಂದ ಓಡಿಬಂದು ಬಾಗಿಲಲ್ಲೇ ನಿಂತ.

"ಅಕ್ಕ, ಜಗಳಕ್ಕೆ ಬಂದಿಲ್ಲ," ಎಂದಳು ಟೈಲರಮ್ಮ. "ನನ್ನ ಮಗಳು ಸೊಂಟ ಹಿಡ್ಕೊಂಡು ಓಡಾಡ್ತಾಳೆ. ಬೇರೆ ಯಾರದಾದ್ರೂ ಆಗಿದ್ರೆ ಸೌದೆ ಮಾಡಿ ಉರಿಸ್ತಿದ್ದೆ. ನಿಮ್ಮ ಮೊಳೆ ಇದೆ. ಇದರ ಮೇಲೆ ನೀವು ಕೂತಿದ್ರಾ?"

ಅಕ್ಕ ಕುರ್ಚಿಯ ಅಡಿಗೆ ಕೈ ಹಾಕಿ ಮೊಳೆ ಮುಟ್ಟಿದಳು. ಆಮೇಲೆ ಎದ್ದು ಅದರ ಮೇಲೆ ಕೂತಳು. ಟೀ ತರಿಸಲಿಲ್ಲ, ಆರಲು ಕಾಯಲೂ ಇಲ್ಲ. ಕೂತ ಸ್ವಲ್ಪ ಹೊತ್ತಿಗೇ ಅವಳ ಮುಖ ಬಾಡಿತು.

ತಮ್ಮ ಬಾಯಿ ತೆರೆಯಬೇಕಾದ್ದು ಆಗ. ಇದು ನಾನು ಹೊಡೆದ ಮೊಳೆ ಎಂಬ ನಾಲ್ಕು ಮಾತು ಸಾಕಿತ್ತು. ಅವನು ಬಾಗಿಲ ಚೌಕಟ್ಟಿನ ಕೀಲು ನೋಡುತ್ತ ನಿಂತ.

"ಮೊಳೆ ಇದೆ ಅಂದ್ರೆ ಕೂತಿದ್ದೀನಿ," ಎಂದಳು ಅಕ್ಕ ನಿಧಾನವಾಗಿ. "ಕೂತು ಸರಿ ಅಂದಿದ್ದೀನಿ. ತಪ್ಪು ನನ್ನದೇ ಕಣಮ್ಮ. ನನ್ನ ಬೆನ್ನಿಗೆ ವಯಸ್ಸಾಯ್ತು ಅಂತ ಕಾಣತ್ತೆ, ಒಳ್ಳೇದು ಕೆಟ್ಟದ್ದು ತಿಳೀತಿಲ್ಲ. ಮಗೂಗೆ ನನ್ನ ಕುರ್ಚಿ ತಗೊಂಡು ಹೋಗು."

ತಮ್ಮ ಮೊದಲು ಅವಳಿಗೆಂದು ಕೆತ್ತಿದ ಆ ಹಳೆಯ ಕುರ್ಚಿಯನ್ನು, ಬೇಡ ಬೇಡ ಎಂದರೂ ಕೇಳದೆ, ಟೈಲರಮ್ಮನ ಕೈಗೆ ಕೊಟ್ಟುಬಿಟ್ಟಳು. ಅದನ್ನು ಬಾಗಿಲು ದಾಟಿಸಲು ತಮ್ಮನೇ ಕೈ ಜೋಡಿಸಬೇಕಾಯಿತು. ಅವಳು ಹೋದಮೇಲೆ ಅಕ್ಕ ಸಣ್ಣ ಸುತ್ತಿಗೆಯನ್ನೂ ಅವನ ಅಂಗೈಯಲ್ಲಿಟ್ಟಳು. "ಇನ್ನು ನನ್ನ ನಂಬಬೇಡ ಪುಟ್ಟ. ಇನ್ನೆಷ್ಟು ಜನಕ್ಕೆ ನೋವು ಕೊಟ್ಟಿದ್ದೀನೋ ಏನೋ."

ಅವನು ಸುತ್ತಿಗೆ ಹಿಡಿದು ನಿಂತೇ ಇದ್ದ. ಆ ರಾತ್ರಿ ಅವನ ಹೆಂಡತಿ, ಎಲ್ಲ ಗೊತ್ತಿದ್ದವಳು, ಮೆಲ್ಲಗೆ, "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ರೀ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಅವರಿಗೂ ವಿಶ್ರಾಂತಿ" ಎಂದಳು. ಹೆಂಡತಿ ಕೆಟ್ಟವಳಲ್ಲ. ಗಂಡನ ಮನಸ್ಸಿನಲ್ಲಿ ಆಗಲೇ ಬಂದು ಹೋಗಿದ್ದ ಮಾತನ್ನೇ ಅವಳು ಆಡಿದಳು, ಅದಕ್ಕೇ ಅವನಿಗೆ ಅವಳ ಮೇಲೆ ರೇಗಿತು.

ಕೋಲು ಮುರಿಯಲಿಲ್ಲ, ಅಕ್ಕ ಮುರಿದಳು. ಅವಳು ಮಂಚದ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವಳ ಹಾಗೆ ಕೂರತೊಡಗಿದಳು. ತನ್ನ ಮೈ ಹೇಳಿದ್ದನ್ನೇ ನಂಬಿ ಬದುಕಿದ ಹೆಂಗಸು ಈಗ ಎಲ್ಲಕ್ಕೂ ಇನ್ನೊಬ್ಬರನ್ನು ಕೇಳುವಳು. "ಈ ಹಾಲು ಕೆಟ್ಟಿದ್ಯಾ ನೋಡಮ್ಮ, ನನಗೆ ತಿಳಿಯಲ್ಲ" ಎಂದು ತಮ್ಮನ ಹೆಂಡತಿಯ ಮುಂದೆ ಲೋಟ ಹಿಡಿಯುವಳು. ಹೊರಗೆ ಚಳಿಯಿದೆಯೇ ಎಂದು ಕೇಳಿ ಶಾಲು ಹೊದೆಯುವಳು. ನಗು ಎಲ್ಲಿ ಹೋಯಿತೋ. ಅಂಗಡಿಗೆ ಬಂದವರು ಅವಳನ್ನು ನೋಡಬೇಕೆಂದರೆ, "ನನ್ನ ಮಾತು ಕೇಳಿ ತಗೋಬೇಡಿ, ನೀವೇ ಕೂತು ನೋಡಿ" ಎಂದು ಕೈ ಮುಗಿದು ಒಳಗೆ ಹೋಗಿಬಿಡುವಳು. ತಮ್ಮ ದಿನವೂ ಹೇಳಬೇಕೆಂದು ಬರುವನು, ಅವಳ ಮುಖ ನೋಡುವನು, "ಊಟ ಆಯ್ತಾ ಅಕ್ಕ" ಎಂದು ಕೇಳಿ ಹೋಗುವನು. ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು ಎನ್ನುತ್ತಾರೆ. ಅವನು ಅದನ್ನು ಬಾಯಲ್ಲಿಟ್ಟುಕೊಂಡೇ ವ್ಯಾಪಾರ ಮಾಡುತ್ತಿದ್ದ.

ಒಂದು ಬೆಳಿಗ್ಗೆ ಅವಳ ಕೋಣೆಗೆ ಹೋದಾಗ ಮಂಚದ ಮೇಲೆ ಉಣ್ಣೆಯ ರಾಶಿ ಬಿದ್ದಿತ್ತು. ಅಕ್ಕ ಸ್ವೆಟರ್ ಬಿಚ್ಚುತ್ತಿದ್ದಳು. ಅದು ಅವನಿಗೆಂದೇ ಹೆಣೆಯುತ್ತಿದ್ದದ್ದು, ಕೂತ ಒಂದೊಂದು ಕುರ್ಚಿಗೆ ನಾಲ್ಕು ಬೆರಳಿನಂತೆ ಬೆಳೆದದ್ದು. ಬೆನ್ನಿನ ಭಾಗ ಮುಗಿದು ಒಂದು ತೋಳೂ ಆಗಿತ್ತು.

"ಯಾಕಕ್ಕ ಬಿಚ್ತಿದೀಯ?"

"ಅಳತೆ ತಪ್ಪಿರತ್ತೆ ಬಿಡು. ಗೇಣು ಹಾಕಿ ಅಳೆದಿದ್ದೆ. ನನ್ನ ಗೇಣಿಗೆ ಏನು ಗ್ಯಾರಂಟಿ?"

ಎಳೆ ಸರಸರನೆ ಬಿಚ್ಚಿಕೊಳ್ಳುತ್ತಿತ್ತು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋದವನು, ಕಿಟಕಿಯ ಪಕ್ಕ ಇರುತ್ತಿದ್ದ ಕಪ್ಪು ಪಾಲಿಶಿನ ಕುರ್ಚಿಯನ್ನು ಎತ್ತಿಕೊಂಡು ವಾಪಸ್ ಬಂದ. ಅವಳ ಮುಂದೆ ಮಂಚದ ಮೇಲೆ ಬೋರಲು ಹಾಕಿದ.

"ಟೈಲರಮ್ಮನ ಕುರ್ಚಿ ಮೇಲೆ ನೀನು ಕೂತಿರ್ಲಿಲ್ಲ ಅಕ್ಕ. ಆ ಮೊಳೆ ನಾನು ಹೊಡೆದದ್ದು. ಆಫೀಸಿಗೆ ಹೋದವು, ಆಚೆ ಶೆಡ್ಡಲ್ಲಿ ಆದವು, ಎಲ್ಲಾ ನಾನೇ. ಅಲ್ಲಿ ಮೇಜು ಮಾಡ್ತಾನೇ ಇರ್ಲಿಲ್ಲ." ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ. ವ್ಯಾನು, ಜ್ವರ, ಮೇಸ್ತ್ರಿ, ಅಂಟು, ಪಾಲಿಶ್, ಎಲ್ಲ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ, ಉಣ್ಣೆಯ ರಾಶಿ ನೋಡುತ್ತಿದ್ದ.

ಅಕ್ಕ ಎಳೆ ಬಿಚ್ಚುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ, ಅಳುತ್ತಾಳೆ, ಮನೆ ಬಿಟ್ಟು ಹೋಗುತ್ತೇನೆ ಎನ್ನುತ್ತಾಳೆ ಎಂದು ಅವನು ಎಲ್ಲಕ್ಕೂ ಮೈ ಬಿಗಿ ಹಿಡಿದು ನಿಂತಿದ್ದ. ಅವಳ ಬಾಯಿಂದ ಬಂದ ಮೊದಲ ಮಾತು ಅವನು ಎಣಿಸಿದ್ದಲ್ಲ.

"ಹಾಗಾದ್ರೆ ನನ್ನ ಬೆನ್ನು ಕೆಟ್ಟಿಲ್ವಾ?"

"ಇಲ್ಲ ಅಕ್ಕ."

"ಇಲ್ವಾ," ಎಂದು ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಆ ದಪ್ಪ ನಗು ಬಂದಿತ್ತು, ಅದರ ಹಿಂದೆಯೇ ಕಣ್ಣೀರೂ ಬಂತು. "ನಾನು ಏನೇನೋ ಅಂದ್ಕೊಂಡಿದ್ದೆ ಕಣೋ. ಒಂದೊಂದೇ ಎಲ್ಲಾ ಹೋಗತ್ತೆ, ಕೊನೆಗೆ ನಿಮ್ಮ ಮುಖಾನೂ ಗುರುತು ಸಿಗಲ್ವೇನೋ ಅಂತ." ಅವಳು ಅಷ್ಟು ಖುಷಿಪಟ್ಟದ್ದನ್ನು ನೋಡಿ ತಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಆಮೇಲೆ ಅವಳ ಕೈ ಬೋರಲು ಬಿದ್ದ ಕುರ್ಚಿಯ ಮೇಲೆ ಹೋಯಿತು. ಹಲಗೆಯ ಅಡಿ ತುಂಬ ಮೆತ್ತಿ ಮುಚ್ಚಿದ ತೂತುಗಳು, ಸಿಡುಬು ಬಂದು ಹೋದ ಮುಖದ ಹಾಗೆ. ಬೆರಳು ಒಂದರ ಮೇಲೆ ನಿಂತಿತು, ಪಕ್ಕದ್ದಕ್ಕೆ ಹೋಯಿತು, ಅದರ ಪಕ್ಕದ್ದಕ್ಕೆ ಹೋಯಿತು. ಪ್ರತಿಯೊಂದೂ ಅವಳೇ ಕೂತು, ಟೀ ಆರಿಸಿ, ನಂಬಿ ಹೊಡೆದದ್ದು. ನಗು ಮೆಲ್ಲಗೆ ಇಳಿಯಿತು.

"ಇಷ್ಟು ಸಲಾನಾ?"

ಅವನು ತಲೆಯಾಡಿಸಿದ.

"ನಿನ್ನ ಕೈ ಪಳಗಿತು ಅಂದಿದ್ದೆ. ಅಮ್ಮನ ಹೆಸರು ಬೇರೆ ಎತ್ತಿದ್ದೆ. ನೀನು ಊಟ ಮಾಡ್ತಾ ಕೇಳಿಸ್ಕೊಂಡೆ." ದನಿ ಏರಲಿಲ್ಲ. "ಮೊಳೆ ಹೊಡೆದದ್ದು ಹೋಗ್ಲಿ ಪುಟ್ಟ, ವ್ಯಾಪಾರ, ಅರ್ಜೆಂಟು, ಏನೋ ಆಯ್ತು ಅನ್ನಬಹುದು. ಟೈಲರಮ್ಮ ಬಂದ ದಿನ ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ತಪ್ಪು ನನ್ನದು ಅಂದಾಗ ನೀನು ಅಲ್ಲೇ ಇದ್ದೆ."

"ಇದ್ದೆ ಅಕ್ಕ."

"ಇದ್ದು ನನ್ನ ಕುರ್ಚಿ ಹೊರಗೆ ಸಾಗ್ಸೋಕೆ ಕೈ ಜೋಡಿಸ್ದೆ."

ಅಕ್ಕ ಉಣ್ಣೆಯನ್ನು ಉಂಡೆ ಸುತ್ತುತ್ತ ಹೇಳಿದಳು: "ಬೋರ್ಡು ಇವತ್ತೇ ಇಳಿಸು. ಬೇಕಿದ್ರೆ ಬರೀ ಕುರ್ಚಿ ಅಂಗಡಿ ಅಂತ ಬರೆಸು. ನಾನು ಕೂತಿದ್ದಕ್ಕೆ ಮೊಳೆ ಇರತ್ತೆ, ಕೂರದ್ದಕ್ಕೆ ಇರಲ್ಲ. ಜನ ಯಾವ್ದು ಬೇಕೋ ಅದು ಕೊಳ್ಳಲಿ. ಆಫೀಸಿನೋರಿಗೂ ಹೋಗಿ ಹೇಳು, ವಾಪಸ್ ಕೊಡ್ತೀವಿ ಅಂದ್ರೆ ತಗೊಂಡು ಬಾ."

"ವ್ಯಾಪಾರ ಮುಳುಗತ್ತೆ ಅಕ್ಕ."

"ಮುಳುಗಲಿ. ನಿಂತ್ಕೊಂಡು ಊಟ ಮಾಡಿ ಅಭ್ಯಾಸ ಇದೆ ನನಗೆ. ಸಂಜೆ ಟೈಲರಮ್ಮನ ಮನೆಗೂ ಹೋಗ್ಬೇಕು. ಅಕ್ಕನ ಬೆನ್ನು ಸುಳ್ಳು ಹೇಳಿಲ್ಲ, ನಾನು ಹೇಳಿದೆ ಅಂತ ಅವಳ ಮಗಳ ಎದುರಿಗೇ ಹೇಳು. ನಾನು ಬರಲ್ಲ."

"ಹೂಂ."

"ಈಗ ಆ ಕುರ್ಚಿ ತಗೊಂಡು ಬಾ. ಆ ಹುಡುಗಿ ಸೊಂಟ ಮುರಿದದ್ದು."

ಅವನು ತಂದ. ಕಿಟಕಿಯ ಪಕ್ಕ ಇಡಲು ಹೇಳಿದಳು, ಇಟ್ಟ. ಅಡುಗೆಮನೆಯ ಕಡೆ ತಿರುಗಿ ಅವನ ಹೆಂಡತಿಗೆ ಟೀ ತರಲು ಕೂಗಿದಳು. ಹಬೆಯಾಡುವ ಲೋಟ ಬಂದು ಕಿಟಕಿಯ ಮೇಲೆ ಕೂತಿತು.

"ಕೂರು," ಎಂದಳು ಅಕ್ಕ.

ಅವನು ಕೂತ. ಇಷ್ಟು ವರ್ಷ ಕುರ್ಚಿ ಮಾಡಿದವನು ಒಂದರ ಮೇಲೂ ಟೀ ಆರುವವರೆಗೆ ಕೂತಿರಲಿಲ್ಲ. ಮೊದಲು ಏನೂ ಅನಿಸಲಿಲ್ಲ, ಬೀಗರ ಹಾಗೆ. ಹಬೆ ಕಡಿಮೆಯಾದಾಗ ಮುಂದಿನ ಅಂಚು ತೊಡೆಯನ್ನು ಒತ್ತತೊಡಗಿತು. ಹಬೆ ನಿಂತಾಗ ಬೆನ್ನಿನ ಹಲಗೆ ಸೊಂಟದ ಮೇಲಿನ ಒಂದು ಜಾಗವನ್ನು ಹುಡುಕಿಕೊಂಡು ಅಲ್ಲೇ ಕೂತಿತು. ಅವನು ಸರಿದು ನೋಡಿದ, ಅದೂ ಸರಿಯಿತು. ಎದುರಿಗೆ ಅಕ್ಕ ಬಿಚ್ಚಿದ ಉಣ್ಣೆಯಿಂದ ಹೊಸದಾಗಿ ಕಡ್ಡಿಗೆ ಎಳೆ ಏರಿಸುತ್ತಿದ್ದಳು. ಅವನ ಕಡೆ ನೋಡಲಿಲ್ಲ.

ಟೀ ಮೇಲೆ ಕೆನೆ ಕಟ್ಟಿತು. "ಏನನ್ನತ್ತೆ ಬೆನ್ನು?" ಎಂದಳು.

"ನೋಯ್ತಿದೆ ಅಕ್ಕ."

ಅಕ್ಕ ಕೈ ಚಾಚಿ ಆ ಲೋಟ ತೆಗೆದುಕೊಂಡು, ಎಂದಿನಂತೆ ತಣ್ಣಗಿನ ಟೀಯನ್ನೇ ಕುಡಿದು ಮುಗಿಸಿದಳು. ಖಾಲಿ ಲೋಟವನ್ನು ಮತ್ತೆ ಕಿಟಕಿಯ ಮೇಲಿಟ್ಟು ಅಡುಗೆಮನೆಯ ಕಡೆ ತಿರುಗಿದಳು.

"ಇನ್ನೊಂದು ಲೋಟ ಬಿಸಿ ಬಿಸಿ ತಗೊಂಡು ಬಾರಮ್ಮ. ನೀನು ಕೂತಿರು ಪುಟ್ಟ."